ಪದಚರ್ಚೆ: ‘ಕೊಳೆಯುತ್ತಾ ಇರುವ ಲೋಕ’ಕ್ಕೆ ಒಂದು ಪದ ಬೇಕು, ಶುಕ್ರವಾರದೊಳಗೆ

ಮಡಿಕೇರಿಯಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ ಒಂದು ಪದ ಬೇಕು. ಶುಕ್ರವಾರ ಸಂಜೆ ಬ್ಯಾನರ್ ಅಚ್ಚಿಗೆ ಹೋಗುತ್ತದೆ.

ಮಳೆ ಜಾಸ್ತಿಯಾಗಿ ಶಾಲೆಗೆ ರಜೆ ಸಿಕ್ಕಾಗಲೆಲ್ಲ ನಮ್ಮ ಮನೆ ಜಗಲಿಯಲ್ಲಿ ಎಂಟು ಮಕ್ಕಳು ಸೇರುತ್ತಾರೆ. ಎಲ್ಲರೂ ಹೈಸ್ಕೂಲಿನವರು. ರೋಲ್‌ಪ್ಲೇಯಿಂಗ್ ಆಟ ಆಡುತ್ತೇವೆ. ಕಥೆ ನಡೆಸುವುದು ನಾನು. ಅವರದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗೆಲುವು ಸೋಲು ಇಪ್ಪತ್ತು ಮುಖದ ದಾಳದ ಕೈಯಲ್ಲಿ. ಇಷ್ಟು ದಿನ ಇಂಗ್ಲಿಷಿನಲ್ಲೇ ನಡೆಸಿದೆ. ಈ ಸಲ ಹೊಸ ಕ್ಯಾಂಪೇನ್, ಅಂದರೆ ಹಲವು ದಿನ ಮುಂದುವರಿಯುವ ಒಂದು ಕಥೆ, ಪೂರ್ತಿ ಕನ್ನಡದಲ್ಲಿ. ಶನಿವಾರ ಅಪ್ಪ ಅಮ್ಮಂದಿರೂ ನೋಡಲು ಬರುತ್ತಾರೆ. ಅದಕ್ಕೇ ಬ್ಯಾನರ್, ಜೊತೆಗೆ ಒಂದು ಪುಟದ ಪರಿಚಯ.

ಆಟದ ಲೋಕ ಹೀಗಿದೆ. ಅಲ್ಲಿ ನೂರು ವರ್ಷದಿಂದ ಮಳೆ ನಿಂತಿಲ್ಲ. ಅರಮನೆ ಇನ್ನೂ ನಿಂತಿದೆ, ತೊಲೆಗಳ ಒಳಗೆ ಮಾತ್ರ ಏನೂ ಉಳಿದಿಲ್ಲ. ರಾಜ ಇದ್ದಾನೆ, ಅವನ ಹೆಸರು ಯಾರಿಗೂ ನೆನಪಿಲ್ಲ. ದೇವರಕಾಡಿನಿಂದ ದೇವರು ಎದ್ದು ಹೋಗಿದೆ. ಆದರೂ ದಿನಾ ಸಂಜೆ ಯಾರೋ ಅಲ್ಲಿ ದೀಪ ಇಡುತ್ತಾರೆ. ಯಾರು ಅಂತ ಕಂಡುಹಿಡಿಯುವುದೇ ಮಕ್ಕಳ ಮೊದಲ ಕೆಲಸ.

ಈ ಲೋಕಕ್ಕೆ ಏನು ಹೆಸರು? ‘ಕರಾಳ’, ‘ಭೀಕರ’ ಎರಡನ್ನೂ ಬರೆದು ಹೊಡೆದು ಹಾಕಿದೆ. ಅವು ಪತ್ರಿಕೆಯ ತಲೆಬರಹದಲ್ಲಿ ಸವೆದು ಹೋದ ಪದಗಳು. ಭೀಕರ ಅಪಘಾತ, ಕರಾಳ ದಿನ, ಅಷ್ಟೇ. ‘ಅವನತಿ’, ‘ಶಿಥಿಲ’ ಪರೀಕ್ಷೆಯ ಉತ್ತರದ ಹಾಗೆ ಕೇಳಿಸುತ್ತವೆ. ಹಾಳಾಗಿ ಮುಗಿದ ಲೋಕ ಅಲ್ಲ ಇದು. ಹಾಳಾಗುತ್ತಾ ಇರುವ ಲೋಕ. ಆ ‘ಇರುವ’ ನನಗೆ ಮುಖ್ಯ. ಸದ್ಯಕ್ಕೆ ಕೈಯಲ್ಲಿರುವುದು ‘ಹಾಳುಲೋಕ’. ತೃಪ್ತಿ ಇಲ್ಲ.

ಕುಶಾಲನಗರದಿಂದ, ಮಂಗಳವಾರ ರಾತ್ರಿ

ಪಾಳುನಾಡು. ಇದಕ್ಕೆ ಚರ್ಚೆಯೇ ಬೇಡ.

ಮೂಲ ಪದ ‘ಪಾೞ್’. ತಮಿಳಿನಲ್ಲಿ ಇವತ್ತಿಗೂ ಹಾಗೇ ಇದೆ. ನಮ್ಮಲ್ಲಿ ೞ ಅನ್ನುವ ಹಳೆಯ ಅಕ್ಷರ ಬಿದ್ದುಹೋಗಿ ಳ ಆಯಿತು, ಪ ಹೋಗಿ ಹ ಆಯಿತು, ‘ಹಾಳು’ ಬಂತು. ಪಾಲು ಹಾಲಾಯಿತು, ಪೂ ಹೂವಾಯಿತು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಹಬ್ಬಕ್ಕೆ ಪಕ್ಕದ ಮನೆಯ ಕೊಡವರು ‘ಪುತ್ತರಿ’ ಅನ್ನುತ್ತಾರೆ, ನಾವು ‘ಹುತ್ತರಿ’ ಅನ್ನುತ್ತೇವೆ. ಅವರ ಪಳಮೆ, ನಮ್ಮ ಹಳಮೆ.

ಆದರೆ ಒಂದು ವಿಷಯ ಗಮನಿಸಿ. ಕನ್ನಡ ಈ ಒಂದು ಪದದಲ್ಲಿ ಎರಡು ರೂಪವನ್ನೂ ಉಳಿಸಿಕೊಂಡಿದೆ. ಹಾಲು ಹಾಳಾಗುತ್ತದೆ, ಹುಡುಗ ಹಾಳಾಗುತ್ತಾನೆ, ಗಡಿಯಾರ ಹಾಳಾಗುತ್ತದೆ. ‘ಪಾಳು’ ಅಂದಾಗ ಮಾತ್ರ ನೆಲ, ಗದ್ದೆ, ಕೋಟೆ, ಗುಡಿ. ಅಂದರೆ ಜನ ಇದ್ದು, ಬಿಟ್ಟು ಹೋದ ಜಾಗ. ಇಷ್ಟು ನಯವಾದ ಭೇದವನ್ನು ಭಾಷೆ ತಾನೇ ಮಾಡಿಕೊಟ್ಟಿದೆ. ಬಳಸಿಕೊಳ್ಳಿ. ಸಾಧ್ಯವಾದರೆ ಬ್ಯಾನರಿನಲ್ಲಿ ‘ಪಾೞ್ನಾಡು’ ಅಂತಲೇ ಬರೆಸಿ. ಮಕ್ಕಳು ಆ ಅಕ್ಷರ ನೋಡಲಿ.

ವಿರಾಜಪೇಟೆಯಿಂದ, ಬುಧವಾರ

‘ಹಾಳುಲೋಕ’ ತಪ್ಪು. ಹಾಳು ಕನ್ನಡ, ಲೋಕ ಸಂಸ್ಕೃತ. ಶುದ್ಧ ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದಿದ್ದಾನೆ. ಮಕ್ಕಳಿಗೆ ಕಲಿಸುವಾಗಲಾದರೂ ಸರಿಯಾದ್ದನ್ನು ಕಲಿಸಬೇಕು.

ಸೋಮವಾರಪೇಟೆಯಿಂದ, ಬುಧವಾರ

ಅರಿಸಮಾಸದ ಮಾತು ಬಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ‘ಮಳೆಗಾಲ’ ಏನು? ಮಳೆ ಕನ್ನಡ, ಕಾಲ ಸಂಸ್ಕೃತ. ಅದನ್ನು ಬಿಟ್ಟು ಕೊಡಗಿನಲ್ಲಿ ಒಂದು ವರ್ಷ ಮಾತಾಡಿ ತೋರಿಸಿ. ರೂಢಿಗೆ ಬಂದದ್ದನ್ನು ವ್ಯಾಕರಣದವರೇ ಒಪ್ಪಿಕೊಂಡಿದ್ದಾರೆ. ಬೆರಕೆಗೆ ಹೆದರಿದ್ದರೆ ನಾವು ‘ಲೈನ್‌ಮನೆ’ ಅನ್ನುತ್ತಿರಲಿಲ್ಲ. ತೋಟದ ಕೆಲಸದವರು ಮೂರು ತಲೆಮಾರಿನಿಂದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದಿದ್ದಾರೆ. ಅವರ ಹತ್ತಿರ ಹೋಗಿ ‘ಸಾಲುಮನೆ’ ಅನ್ನಿ, ಯಾವ ಊರು ಅಂತ ಕೇಳುತ್ತಾರೆ.

ಮಕ್ಕಳು ‘ಕ್ಯಾಂಪೇನ್’ ಅನ್ನುತ್ತಾರೆ, ‘ಡಂಜನ್’ ಅನ್ನುತ್ತಾರೆ. ಅನ್ನಲಿ ಬಿಡಿ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಇಂಥದೇ ಆಟ ಬಂದಾಗ ಅವರೂ ‘ಕ್ಯಾಂಪೇನ್’ ಅನ್ನುವುದನ್ನು ಯುದ್ಧದ ಆಟದವರಿಂದ ತಂದುಕೊಂಡರು. ‘ಡಂಜನ್’ ಅಂತೂ ಫ್ರೆಂಚಿನದು. ಅಲ್ಲಿ ಅದು ಕೋಟೆಯ ನಡುವಿನ ಎತ್ತರದ ಬುರುಜು. ಇಂಗ್ಲಿಷಿಗೆ ಬಂದ ಮೇಲೆ ನೆಲದ ಕೆಳಗೆ ಇಳಿದು ಸೆರೆಮನೆ ಆಯಿತು. ಎರವಲು ಪದ ಹೀಗೇ ಬದುಕುವುದು.

ಕುಶಾಲನಗರದಿಂದ, ಬುಧವಾರ

ಎರವಲು ಬೇಡ ಅಂತ ನಾನು ಎಲ್ಲಿ ಹೇಳಿದೆ? ಇರುವುದನ್ನು ಬಿಟ್ಟು ತರಬೇಡಿ ಅಂದೆ. ಬಂದೂಕು ಈ ನಾಡಿಗೆ ಬಂದಾಗ ಅದರ ಅರಬ್ಬಿ ಹೆಸರೂ ಬಂತು. ನಮ್ಮವರು ‘ಕೋವಿ’ ಅಂದರು. ಕೋವಿ ಅಂದರೆ ಕೊಳವೆ. ಇದ್ದ ಪದವನ್ನು ಹೊಸ ವಸ್ತುವಿಗೆ ಕೊಟ್ಟರು. ಇವತ್ತು ಕೊಡಗಿನಲ್ಲಿ ಯಾರ ಮನೆಯಲ್ಲಿ ಕೇಳಿದರೂ ಕೋವಿಯೇ. ಇದು ಮಡಿ ಅಲ್ಲ, ಧೈರ್ಯ.

ವಿರಾಜಪೇಟೆಯಿಂದ, ಬುಧವಾರ

ಮಳೆಗಾಲ ಹಳೆಯದು, ಒಪ್ಪುತ್ತೇನೆ. ಹಳೆಯ ತಪ್ಪನ್ನು ತೋರಿಸಿ ಹೊಸ ತಪ್ಪು ಮಾಡಬಾರದು. ನನ್ನ ಮಾತು ಇಷ್ಟೇ.

ಸಂಪಾಜೆಯಿಂದ, ಬುಧವಾರ ರಾತ್ರಿ

ಎಲ್ಲರೂ ಲೋಕ, ನಾಡು ಅಂತ ಜಗಳದಲ್ಲಿದ್ದೀರಿ. ಕೇಳಿದವರು ವಿವರಿಸಿದ ಆಟವನ್ನು ಯಾರೂ ಸರಿಯಾಗಿ ಓದಿಲ್ಲ. ನಾಲ್ಕಾರು ಜನ ಸುತ್ತ ಕೂರುತ್ತಾರೆ. ಬಣ್ಣ ಇಲ್ಲ, ಕುಣಿತ ಇಲ್ಲ. ಒಬ್ಬೊಬ್ಬರು ಒಂದು ಪಾತ್ರ. ಮಾತು ಮೊದಲೇ ಬರೆದಿರುವುದಿಲ್ಲ, ಆ ಕ್ಷಣಕ್ಕೆ ಹುಟ್ಟುತ್ತದೆ. ಒಬ್ಬರು ನಡುವೆ ಕೂತು ಕಥೆ ಮುಂದಕ್ಕೆ ನಡೆಸುತ್ತಾರೆ. ಇದು ನಮ್ಮ ತಾಳಮದ್ದಳೆ ಅಲ್ವಾ?

ಘಟ್ಟದ ಕೆಳಗೆ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ನಮ್ಮ ಕಡೆ ತಾಳಮದ್ದಳೆ ಕೂಟ ನಡೆಯುತ್ತದೆ. ನಾನು ಚಿಕ್ಕವನಿದ್ದಾಗ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೆಳಗಿನವರೆಗೆ ಕೇಳಿದ್ದೇನೆ. ಹೊರಗೆ ಮಳೆ, ಒಳಗೆ ಕರ್ಣನೂ ಕೃಷ್ಣನೂ ಪಂಚೆ ಉಟ್ಟು ಎದುರುಬದುರು ಕೂತು ವಾದ ಮಾಡುತ್ತಿದ್ದರು. ಸೋಲುವುದು ಯಾರು ಅಂತ ಎಲ್ಲರಿಗೂ ಗೊತ್ತು. ಆದರೂ ಕರ್ಣ ಇವತ್ತು ಏನು ಹೇಳುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಮಕ್ಕಳು ದಾಳ ಹಾಕುತ್ತಾರೆ. ವ್ಯತ್ಯಾಸ ಅಷ್ಟೇ.

ಹಾಗಾಗಿ ಪದಗಳು ಸಿದ್ಧ ಇವೆ. ಕಥೆ ನಡೆಸುವವರು ಭಾಗವತರು. ಆಡುವವರು ಅರ್ಥಧಾರಿಗಳು. ಕ್ಯಾಂಪೇನ್ ಅಂದರೆ ಪ್ರಸಂಗ. ನೀವು ಬರೆಯುತ್ತಿರುವ ಒಂದು ಪುಟದ ಪರಿಚಯ ‘ಪೀಠಿಕೆ’. ಅರ್ಥಧಾರಿ ಮೊದಲು ಬಾಯಿ ತೆರೆದು ತನ್ನ ಪಾತ್ರ ಯಾರು, ಎಲ್ಲಿ ನಿಂತಿದೆ, ಮನಸ್ಸಿನಲ್ಲಿ ಏನಿದೆ ಅಂತ ಹೇಳುವ ಮಾತು ಅದು. ನಿಮ್ಮ ಲೋಕವೂ ಒಂದು ಪಾತ್ರವೇ. ಅದಕ್ಕೂ ಪೀಠಿಕೆ ಬೇಕು.

ಇನ್ನು ಹೆಸರು. ನಮ್ಮ ಕಡೆ ಮರ ಹಾಳಾದರೆ ‘ಕುಂಬಾಗಿದೆ’ ಅನ್ನುತ್ತೇವೆ. ತುಳುವಿನಲ್ಲೂ ಕುಂಬು ಇದೆ. ಹೊರಗಿನಿಂದ ತೊಲೆ ಗಟ್ಟಿಯಾಗಿ ಕಾಣುತ್ತದೆ, ಬಣ್ಣವೂ ಹಾಗೇ ಇರುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಿಮ್ಮ ಅರಮನೆ ಪಾಳು ಬಿದ್ದಿಲ್ಲ ಸ್ವಾಮಿ, ಕುಂಬಾಗಿದೆ. ಕುಂಬುನಾಡು.

ಸೋಮವಾರಪೇಟೆಯಿಂದ, ಗುರುವಾರ ಬೆಳಿಗ್ಗೆ

ಮಲೆನಾಡಿನ ಬೇರೆ ಕಡೆ ‘ಲಡ್ಡಾಗಿದೆ’ ಅನ್ನುತ್ತಾರೆ. ಆದರೆ ಬ್ಯಾನರಿನಲ್ಲಿ ಅದು ಸಿಹಿತಿಂಡಿ ಆಗುತ್ತದೆ, ಬೇಡ. ‘ಕುಂಬು’ ಕೂಡ ತೊಂದರೆಯೇ. ನಮ್ಮ ಕಡೆ ಮೈಸೂರಿನ ಮಾತು ಜಾಸ್ತಿ. ಕುಂಬುನಾಡು ಅಂದರೆ ಕುಂಭ ಅಂದುಕೊಳ್ಳುತ್ತಾರೆ. ‘ಕುಸಿವ ನಾಡು’ ಅಂದರೆ ಹೇಗೆ? ನಡೆಯುತ್ತಾ ಇದೆ ಅನ್ನುವುದೂ ಬರುತ್ತದೆ.

ಮಡಿಕೇರಿಯಿಂದ, ಗುರುವಾರ

‘ಕುಸಿ’ ಬೇಡ. ದಯವಿಟ್ಟು ಆ ಪದ ಮತ್ತೆ ಹೇಳಬೇಡಿ. ನನ್ನ ಎಂಟು ಮಕ್ಕಳಲ್ಲಿ ಇಬ್ಬರ ಮನೆ ಮಕ್ಕಂದೂರಿನ ಕಡೆ ಇತ್ತು. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಜಾರಿದ ಮೇಲೆ ಕುಸಿತ ಅನ್ನುವುದು ನಮ್ಮಲ್ಲಿ ಆಟದ ಪದ ಆಗಿ ಉಳಿದಿಲ್ಲ. ಗುಡ್ಡ ಜಾರುವ ದೃಶ್ಯವನ್ನೂ ಕಥೆಯಿಂದ ತೆಗೆದಿದ್ದೇನೆ. ಕತ್ತಲ ಲೋಕ ಕಟ್ಟುವವರು ಮೇಜಿನ ಸುತ್ತ ಯಾರಿದ್ದಾರೆ ಅಂತ ಮೊದಲು ನೋಡಬೇಕು. ಕೊಳೆಯುವುದು ನಿಧಾನ. ಅದರ ಒಳಗೆ ಓಡಾಡಬಹುದು, ಮಾತಾಡಬಹುದು, ಏನನ್ನಾದರೂ ಉಳಿಸಬಹುದು. ಕುಸಿತದಲ್ಲಿ ಅದಕ್ಕೆ ಸಮಯವೇ ಇಲ್ಲ. ನನಗೆ ನಿಧಾನದ ಪದ ಬೇಕು.

ಕುಶಾಲನಗರದವರಿಗೆ: ‘ಪಾಳು’ ಚೆನ್ನಾಗಿದೆ, ಆದರೆ ಅದು ಮುಗಿದ ಮೇಲಿನ ಪದ. ಹಾಳೂರಿಗೆ ಉಳಿದವನೇ ಗೌಡ ಅನ್ನುವಾಗಲೂ ಊರು ಆಗಲೇ ಹೋಗಿರುತ್ತದೆ. ನನ್ನ ನಾಡಿನಲ್ಲಿ ಜನ ಇನ್ನೂ ಇದ್ದಾರೆ. ೞ ಬಗ್ಗೆ ಅಂಗಡಿಯಲ್ಲಿ ಕೇಳಿದೆ. ಅವರ ಫಾಂಟಿನಲ್ಲಿ ಆ ಅಕ್ಷರ ಇಲ್ಲ, ಖಾಲಿ ಚೌಕ ಬರುತ್ತದೆ.

‘ಕೊಳೆನಾಡು’ ಅಂದರೆ ಸರಿಯೇ?

ವಿರಾಜಪೇಟೆಯಿಂದ, ಗುರುವಾರ

ಕೊಳೆ ಬಟ್ಟೆ, ಕೊಳೆ ಕೈ. ಗಲೀಜು ನಾಡು ಅಂತ ಅರ್ಥ ಆಗುತ್ತದೆ. ಬೇಡ.

ಗೋಣಿಕೊಪ್ಪದಿಂದ, ಗುರುವಾರ ಸಂಜೆ

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ‘ಕೊಳೆ’ಯನ್ನು ಒಂದು ಸಾಲಿನಲ್ಲಿ ತಳ್ಳಿಹಾಕಿದ್ದು ನೋಡಿ ಸುಮ್ನೆ ಇರಲು ಆಗಲಿಲ್ಲ.

ತೋಟದವರಿಗೆ ಕೊಳೆ ಅಂದರೆ ಗಲೀಜು ಅಲ್ಲ. ಅಡಿಕೆಗೆ ಕೊಳೆರೋಗ ಬರುತ್ತದೆ, ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಫಿಗೂ ಕೊಳೆರೋಗ ಬರುತ್ತದೆ. ಅದನ್ನು ಹತ್ತಿರದಿಂದ ನೋಡಿದ್ದೀರಾ? ಜಡಿಮಳೆ ಹಿಡಿದು, ಮಂಜು ಬಿಡದೆ ಕೂತಾಗ ಎಲೆ ಕಪ್ಪಾಗುತ್ತದೆ. ಕಪ್ಪಾದ ಎಲೆ ರೆಂಬೆಯಿಂದ ಬಿಟ್ಟುಕೊಳ್ಳುತ್ತದೆ, ಆದರೆ ಕೆಳಗೆ ಬೀಳುವುದಿಲ್ಲ. ಶಿಲೀಂಧ್ರದ ಒಂದು ಸಣ್ಣ ನೂಲು ಅದನ್ನು ಹಿಡಿದಿರುತ್ತದೆ. ಸತ್ತ ಎಲೆ ಗಾಳಿಗೆ ತೂಗುತ್ತಾ ಇರುತ್ತದೆ. ನಿಮ್ಮ ಹೆಸರಿಲ್ಲದ ರಾಜ ಇದೇ ಎಲೆ. ಬಿದ್ದಿಲ್ಲ, ಬದುಕಿಯೂ ಇಲ್ಲ.

ಇನ್ನೊಂದು ಮಾತು, ಎರವಲಿನ ಜಗಳದವರಿಗೆ. 1876ರಲ್ಲಿ ಕುಕ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಕಾಫಿಯ ಈ ಶಿಲೀಂಧ್ರಕ್ಕೆ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಅಂತ ಹೆಸರಿಟ್ಟ. ಲ್ಯಾಟಿನ್ ಹೆಸರಿನ ಅರ್ಧ ಭಾಗ ನಮ್ಮದು. ಕೊಳೆ ಕನ್ನಡ, ರೋಗ ಸಂಸ್ಕೃತ, ಅಂದರೆ ವಿರಾಜಪೇಟೆಯವರು ಬೇಡ ಅನ್ನುವ ಅರಿಸಮಾಸವೇ ವಿಜ್ಞಾನದ ಪುಸ್ತಕಕ್ಕೆ ಹೋಗಿದೆ. ನಾವು ತರುವುದನ್ನು ಮಾತ್ರ ಲೆಕ್ಕ ಹಾಕುತ್ತೇವೆ. ನಮ್ಮಿಂದ ಹೋದದ್ದನ್ನೂ ನೆನಪಿಡಬೇಕು.

ವ್ಯಾಕರಣದ ಕಡೆಯಿಂದಲೂ ‘ಕೊಳೆನಾಡು’ ಗಟ್ಟಿ. ‘ಸುಡುಗಾಡು’ ನೋಡಿ. ಸುಟ್ಟ ಕಾಡಲ್ಲ, ಸುಡುವ ಜಾಗ. ಬರೀ ಧಾತುವನ್ನು ನಾಮಪದಕ್ಕೆ ಸೇರಿಸಿದರೆ ಕಾಲ ಅಂಟಿಕೊಳ್ಳುವುದಿಲ್ಲ. ನೆನ್ನೆಯೂ ಸುಡುತ್ತಿತ್ತು, ನಾಳೆಯೂ ಸುಡುತ್ತದೆ. ಸಿಡಿಮದ್ದೂ ಹೀಗೇ. ನೀವು ಕೇಳಿದ ಆ ‘ಇರುವ’ ಅಲ್ಲೇ ಇದೆ. ಪ್ರತ್ಯಯ ಬೇಕಾಗಿಲ್ಲ.

ಕುಶಾಲನಗರದಿಂದ, ಗುರುವಾರ ರಾತ್ರಿ

ಸುಡುಗಾಡಿನ ಮಾತು ಸರಿ. ‘ಪಾಳುನಾಡು’ ವಾಪಸು ತೆಗೆದುಕೊಳ್ಳುತ್ತೇನೆ. ‘ಪೀಠಿಕೆ’ಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ‘ಮುನ್ನುಡಿ’ ಇದೆ.

ಸಂಪಾಜೆಯಿಂದ, ಗುರುವಾರ ರಾತ್ರಿ

ಮುನ್ನುಡಿ ಪುಸ್ತಕಕ್ಕೆ. ಬಾಯಿಂದ ಹೇಳುವುದಕ್ಕೆ ಪೀಠಿಕೆ. ಬಿಟ್ಟುಕೊಡುವುದಿಲ್ಲ.

ಮಡಿಕೇರಿಯಿಂದ, ಶುಕ್ರವಾರ ಬೆಳಿಗ್ಗೆ

ರಾತ್ರಿ ಮಕ್ಕಳಿಗೆ ಫೋನು ಮಾಡಿ ಎರಡೂ ಹೆಸರು ಹೇಳಿದೆ. ‘ಕೊಳೆನಾಡು’ ಕೇಳಿ ಐವರು ತೋಟದ ಕೊಳೆರೋಗವನ್ನೇ ನೆನೆದರು, ಒಬ್ಬಳು ಮಾತ್ರ ಒಗೆಯದ ಬಟ್ಟೆ ಅಂದಳು. ‘ಕುಂಬು’ ಗೊತ್ತಿದ್ದದ್ದು ಇಬ್ಬರಿಗೆ. ಹಾಗಾಗಿ ಬ್ಯಾನರಿಗೆ ಕೊಳೆನಾಡು. ಕುಂಬನ್ನು ಬಿಡಲು ಮನಸ್ಸಾಗಲಿಲ್ಲ, ಪುಟದ ಒಳಗೆ ಇಟ್ಟಿದ್ದೇನೆ. ಎಲೆಯನ್ನೂ ಕೇಳದೇ ತೆಗೆದುಕೊಂಡೆ, ಗೋಣಿಕೊಪ್ಪದವರು ಕ್ಷಮಿಸಬೇಕು. ಕ್ಯಾಂಪೇನ್ ಈಗ ‘ಪ್ರಸಂಗ’. ದಾಳ ದಾಳವೇ.

ಶನಿವಾರ ಓದುವುದು ಇದು:

“ಪೀಠಿಕೆ. ಇದು ಕೊಳೆನಾಡು. ಇಲ್ಲಿ ಮಳೆ ಶುರುವಾದ ದಿನವನ್ನು ನೋಡಿದವರು ಯಾರೂ ಉಳಿದಿಲ್ಲ. ಅರಮನೆಯ ಬಾಗಿಲು ಮುಟ್ಟಬೇಡಿ, ಅದು ಕುಂಬಾಗಿದೆ, ಬೆರಳು ಒಳಗೆ ಹೋಗುತ್ತದೆ. ಒಳಗೆ ರಾಜ ಕೂತಿದ್ದಾನೆ. ಕಪ್ಪಾದ ಎಲೆ ಒಂದು ನೂಲಿನಲ್ಲಿ ತೂಗುವ ಹಾಗೆ ಅವನು ತನ್ನ ಗದ್ದುಗೆಗೆ ತೂಗುಬಿದ್ದಿದ್ದಾನೆ. ಆ ನೂಲು ಯಾರದು ಅಂತ ಕೇಳಬೇಡಿ, ಕೇಳಿದವರು ವಾಪಸು ಬಂದಿಲ್ಲ. ದೇವರಕಾಡಿನಲ್ಲಿ ಈಗ ದೇವರಿಲ್ಲ. ಆದರೆ ನೋಡಿ, ಕತ್ತಲಾಯಿತು. ಅಗೋ, ಮರಗಳ ನಡುವೆ ದೀಪ ಹತ್ತಿತು. ನೀವು ಎಂಟು ಜನ ಕಾಡಿನ ಅಂಚಿನಲ್ಲಿ ನಿಂತಿದ್ದೀರಿ. ಮೊದಲು ಯಾರು ಹೆಜ್ಜೆ ಇಡುತ್ತೀರಿ?”

ಕಾಗುಣಿತ ತಪ್ಪಿದ್ದರೆ ಮಧ್ಯಾಹ್ನದೊಳಗೆ ಹೇಳಿ. ನಾಲ್ಕು ಗಂಟೆಗೆ ಅಂಗಡಿಗೆ ಹೋಗುತ್ತೇನೆ.