ವಿಸ್ಕಿ ಬಿಟ್ಟು ವೈನ್ ಹಿಡಿದ ಮೇಲೆ ಎದೆಯುರಿ: ಜಠರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸದಸ್ಯರು, ಬೆಂಗಳೂರು): ಡಾಕ್ಟರೇ, ನಮಸ್ಕಾರ. ನನಗೆ 54 ವರ್ಷ. ರಕ್ತದೊತ್ತಡಕ್ಕಾಗಿ ಎರಡು ವರ್ಷಗಳಿಂದ ದಿನಕ್ಕೊಂದು ಆಮ್ಲೊಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಶನಿವಾರ ಸಂಜೆ 30 ಮಿ.ಲೀ.ನ ಎರಡು ಪೆಗ್ ವಿಸ್ಕಿ ಕುಡಿಯುತ್ತಿದ್ದೆ. ವೈನ್ ಹೃದಯಕ್ಕೆ ಒಳ್ಳೆಯದೆಂದು ಸ್ನೇಹಿತರು ಹೇಳಿದ್ದರಿಂದ ಆರು ತಿಂಗಳ ಹಿಂದೆ ವಿಸ್ಕಿ ಬಿಟ್ಟು, ರಾತ್ರಿ ಹತ್ತರ ಊಟದ ಜೊತೆಗೆ ಎರಡು ಮೂರು ಲೋಟ ಕೆಂಪು ವೈನ್ ಕುಡಿಯಲಾರಂಭಿಸಿದೆ. ಅಂದಿನಿಂದ, ಮಲಗಿದ ಸ್ವಲ್ಪ ಹೊತ್ತಿಗೇ ಎದೆಮೂಳೆಯ ಹಿಂದೆ ಉರಿ ಶುರುವಾಗಿ ಗಂಟಲಿಗೆ ಹುಳಿನೀರು ಬರುತ್ತದೆ. ನೀರಿಗೆ ಹಾಕಿದರೆ ನೊರೆಯುಕ್ಕುವ ಸೋಡಾ ಪುಡಿಯಿಂದ ತಾತ್ಕಾಲಿಕವಾಗಿ ಶಮನವಾಗುತ್ತದೆ. ವಿಸ್ಕಿಯಿಂದ ಬಾರದ ಉರಿ ಸೌಮ್ಯವಾದ ವೈನಿನಿಂದ ಏಕೆ ಬರಬೇಕು? ವೈನಿಗೆ ಸೇರಿಸುವ ಸಲ್ಫೈಟ್ ಇದಕ್ಕೆ ಕಾರಣವೇ?

ಉತ್ತರ: ನಮಸ್ಕಾರ. ವೈನ್ ಸೌಮ್ಯವೆಂಬ ಲೆಕ್ಕದಲ್ಲೇ ತಪ್ಪಾಗಿದೆ. 30 ಮಿ.ಲೀ. ವಿಸ್ಕಿಯಲ್ಲಿರುವ ಶುದ್ಧ ಮದ್ಯಸಾರ ಸುಮಾರು 10 ಗ್ರಾಂ. ಶೇಕಡಾ 13ರ ವೈನಿನ 150 ಮಿ.ಲೀ. ಲೋಟದಲ್ಲಿ ಅದು ಸುಮಾರು 15 ಗ್ರಾಂ. ಎಂದರೆ ಮೊದಲು ಒಂದು ಸಂಜೆಗೆ 20 ಗ್ರಾಂ ಸೇವಿಸುತ್ತಿದ್ದ ತಾವು ಈಗ ಒಂದು ರಾತ್ರಿಗೆ 30ರಿಂದ 45 ಗ್ರಾಂ ಸೇವಿಸುತ್ತಿದ್ದೀರಿ. ಅದೂ ತುಂಬಿದ ಹೊಟ್ಟೆಗೆ ಮತ್ತೆ ಮುನ್ನೂರು, ನಾನೂರೈವತ್ತು ಮಿಲಿಲೀಟರ್ ದ್ರವವನ್ನು ಸೇರಿಸಿ.

ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿಯಾದ ಸ್ನಾಯುವಿನ ಬಳೆಯೊಂದಿದ್ದು, ನುಂಗುವಾಗ ತೆರೆದು ಉಳಿದ ಹೊತ್ತು ಮುಚ್ಚಿಕೊಂಡಿರುತ್ತದೆ. ಮದ್ಯಸಾರವು, ಅದು ಯಾವ ಬಾಟಲಿಯಿಂದ ಬಂದರೂ, ಈ ಬಳೆಯನ್ನು ಸಡಿಲಿಸುತ್ತದೆ ಮತ್ತು ಮೇಲೆ ನುಗ್ಗಿದ ಆಮ್ಲವನ್ನು ಕೆಳಕ್ಕೆ ತಳ್ಳುವ ಅನ್ನನಾಳದ ಚಲನೆಯನ್ನು ಮಂದಗೊಳಿಸುತ್ತದೆ. ವೈನ್, ಬಿಯರ್‌ಗಳಂತಹ ಹುದುಗಿಸಿದ ಪಾನೀಯಗಳು ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಹುದುಗುವಿಕೆಯಲ್ಲಿ ಉಳಿಯುವ ಸಕ್ಸಿನಿಕ್, ಮ್ಯಾಲಿಯಿಕ್ ಮುಂತಾದ ಆಮ್ಲಗಳು ಜಠರವನ್ನು ಪ್ರಚೋದಿಸಿ ಹೆಚ್ಚು ಆಮ್ಲ ಸುರಿಸುವಂತೆ ಮಾಡುತ್ತವೆ. ಭಟ್ಟಿ ಇಳಿಸಿದ ವಿಸ್ಕಿಯಲ್ಲಿ ಈ ಪ್ರಚೋದನೆ ತೀರಾ ಕಡಿಮೆ. ಆದ್ದರಿಂದ ತಾವು ಗಮನಿಸಿದ ವ್ಯತ್ಯಾಸ ಭ್ರಮೆಯಲ್ಲ. ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ತರಬಹುದೇ ಹೊರತು, ತಮ್ಮ ಎದೆಯುರಿಗೆ ಅದನ್ನು ದೂರುವುದಕ್ಕೆ ಗಟ್ಟಿಯಾದ ಆಧಾರವಿಲ್ಲ.

ತಮ್ಮ ಪ್ರಶ್ನೆಯಲ್ಲಿ ಇನ್ನೆರಡು ಸಂಗತಿಗಳು ನನ್ನ ಗಮನ ಸೆಳೆದವು. ಆಮ್ಲೊಡಿಪಿನ್ ರಕ್ತನಾಳಗಳನ್ನು ಸಡಿಲಿಸುವಂತೆ ಆ ಸ್ನಾಯುವಿನ ಬಳೆಯನ್ನೂ ಅಷ್ಟಿಷ್ಟು ಸಡಿಲಿಸಬಲ್ಲದು. ಹಾಗೆಂದು ದಯವಿಟ್ಟು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ವಿಷಯ ತಿಳಿಸಿ. ಸೋಡಾ ಪುಡಿಯಲ್ಲಿರುವುದು ಸೋಡಿಯಂ, ಅದು ರಕ್ತದೊತ್ತಡವಿರುವವರಿಗೆ ಹಿತವಲ್ಲ; ಅದರಿಂದ ಹುಟ್ಟುವ ಅನಿಲ ಹೊಟ್ಟೆಯನ್ನು ಉಬ್ಬಿಸಿ ತೇಗು ತರಿಸುತ್ತದೆ, ತೇಗಿನೊಂದಿಗೆ ಆಮ್ಲವೂ ಮೇಲೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ತಮ್ಮ ವಯಸ್ಸಿನಲ್ಲಿ, ಅದರಲ್ಲೂ ರಕ್ತದೊತ್ತಡವಿರುವಾಗ, ಎದೆಯ ಉರಿಯೆಲ್ಲವನ್ನೂ ಹುಳಿತೇಗೆಂದು ಭಾವಿಸಬಾರದು. ಒಮ್ಮೆ ಇಸಿಜಿ ಮಾಡಿಸಿಕೊಳ್ಳಿ. ಮೆಟ್ಟಿಲು ಹತ್ತುವಾಗ ಬರುವ ಎದೆಬಿಗಿತ, ಬೆವರು, ಎಡತೋಳಿಗೋ ದವಡೆಗೋ ಹರಡುವ ನೋವು ಕಂಡರೆ ಬೆಳಗಾಗುವವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಸದಸ್ಯೆ, ಧಾರವಾಡ): ನಮ್ಮ ಯಜಮಾನರು ಇದೇ ತೊಂದರೆಗಾಗಿ ಕೆಂಪು ವೈನ್ ಬಿಟ್ಟು ಬಿಳಿ ವೈನ್ ಕುಡಿಯುತ್ತಿದ್ದಾರೆ. ಅದು ಹೊಟ್ಟೆಗೆ ಹಗುರವೆನ್ನುತ್ತಾರೆ. ಸರಿಯೇ, ಸರ್?

ಉತ್ತರ: ಇಲ್ಲ, ಅಮ್ಮಾ. ಬಿಳಿ ವೈನ್ ಸಾಮಾನ್ಯವಾಗಿ ಕೆಂಪಿಗಿಂತ ಹೆಚ್ಚು ಹುಳಿ. ಎರಡನ್ನೂ ಹೋಲಿಸಿ ನೋಡಿದಾಗ ಬಿಳಿ ವೈನ್ ಕುಡಿದವರಲ್ಲೇ ಆಮ್ಲ ಹೆಚ್ಚಾಗಿ ಮೇಲೇರಿದ್ದು ಕಂಡುಬಂದಿದೆ. ಗುಳ್ಳೆಯೇಳುವ ವೈನಾದರೆ ಅನಿಲದ ಕಾಟವೂ ಸೇರುತ್ತದೆ.

ಪ್ರಶ್ನೆ (ಸದಸ್ಯರು, ಮಂಗಳೂರು): ಕುಡಿಯುವ ಮೊದಲೇ ಪ್ಯಾಂಟೊಪ್ರಜೋಲ್ ನುಂಗಿದರೆ ಸಾಕಲ್ಲವೇ?

ಉತ್ತರ: ಈ ಅಭ್ಯಾಸವನ್ನು ನಾನು ಬಹಳ ಜನರಲ್ಲಿ ಕಾಣುತ್ತಿದ್ದೇನೆ, ಅದು ನನ್ನನ್ನು ಚಿಂತೆಗೀಡುಮಾಡುತ್ತದೆ. ಈ ಮಾತ್ರೆ ಸಾಮಾನ್ಯವಾಗಿ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕಾದದ್ದು, ಅದರ ಪೂರ್ಣ ಪರಿಣಾಮಕ್ಕೆ ಕೆಲವು ದಿನಗಳು ಬೇಕು. ಅದು ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತದೆಯೇ ಹೊರತು ಸಡಿಲವಾದ ಬಳೆಯನ್ನು ಬಿಗಿಗೊಳಿಸುವುದಿಲ್ಲ. ಉರಿ ಮರೆಯಾದ ಧೈರ್ಯದಲ್ಲಿ ಕುಡಿಯುವ ಪ್ರಮಾಣ ಏರಿದರೆ, ಯಕೃತ್ತಿಗೂ ಅನ್ನನಾಳದ ಒಳಪದರಕ್ಕೂ ಆಗುವ ಹಾನಿಯನ್ನು ಯಾವ ಮಾತ್ರೆಯೂ ತಡೆಯಲಾರದು. ನುಂಗುವಾಗ ಅನ್ನ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪಾದ ಮಲ, ಇವುಗಳಲ್ಲಿ ಒಂದಿದ್ದರೂ ಮಾತ್ರೆಯ ಪ್ರಯೋಗ ಬಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು, ಎಂಡೋಸ್ಕೋಪಿ ಬೇಕಾಗುತ್ತದೆ.

ಪ್ರಶ್ನೆ (ಮೊದಲ ಸದಸ್ಯರು): ಧನ್ಯವಾದಗಳು, ಡಾಕ್ಟರೇ. ಹಾಗಾದರೆ ಮತ್ತೆ ವಿಸ್ಕಿಗೇ ಮರಳಲೇ?

ಉತ್ತರ: ಬೇಡ. ವಿಸ್ಕಿ ಆಮ್ಲವನ್ನು ಕಡಿಮೆ ಸುರಿಸುತ್ತದೆಯೆಂಬುದು ಅದನ್ನು ಕುಡಿಯಲು ಕೊಟ್ಟ ಅನುಮತಿಯಲ್ಲ. ಹೃದಯದ ಹೆಸರಿನಲ್ಲಿ ವೈನ್ ಕುಡಿಯಲು ಇಂದು ಯಾವ ಜವಾಬ್ದಾರಿಯುತ ವೈದ್ಯರೂ ಸಲಹೆ ನೀಡುವುದಿಲ್ಲ. ಮದ್ಯಸೇವನೆಗೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಲ್ಕು ವಾರ ಮದ್ಯವನ್ನು ಪೂರ್ತಿಯಾಗಿ ಬಿಟ್ಟು ನೋಡಿ. ರಾತ್ರಿಯ ಊಟವನ್ನು ಎಂಟಕ್ಕೆ ಮುಗಿಸಿ, ಮಲಗುವ ಮುನ್ನ ಮೂರು ಗಂಟೆ ಬಿಡುವಿರಲಿ. ಎಡಮಗ್ಗುಲಲ್ಲಿ ಮಲಗಿದರೆ ಜಠರದ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ದಿಂಬುಗಳನ್ನು ಪೇರಿಸಿದರೆ ಕುತ್ತಿಗೆಯಷ್ಟೇ ಮಡಚಿ ಹೊಟ್ಟೆ ಒತ್ತಿದಂತಾಗುತ್ತದೆ. ಅದರ ಬದಲು ಮಂಚದ ತಲೆಭಾಗದ ಕಾಲುಗಳ ಕೆಳಗೆ ಮರದ ತುಂಡಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಯಾವ ರಾತ್ರಿ ಏನು ಉಂಡಿರಿ, ಉರಿ ಬಂದಿತೇ ಇಲ್ಲವೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ನಾಲ್ಕು ವಾರದ ನಂತರವೂ ಉರಿ ಉಳಿದಿದ್ದರೆ ಆ ಪುಸ್ತಕದೊಂದಿಗೆ ತಮ್ಮ ಹತ್ತಿರದ ಜಠರರೋಗ ತಜ್ಞರನ್ನು ಕಾಣಿರಿ.