ಸಹಾಯ ಬೇಕು: ವೆರೋನಾದ 'ಐಡಾ' ಮನೆಯ ಟಿವಿಯಲ್ಲಿ, ಸೌಂಡ್ ಹೇಗೆ ಸರಿಮಾಡೋದು?

ಎಲ್ಲರಿಗೂ ನಮಸ್ಕಾರ. ಇಟಲಿಯ ವೆರೋನಾದ ಅರೇನಾದಲ್ಲಿ ಚಿತ್ರೀಕರಿಸಿದ, ಸಂಗೀತ ಸಂಯೋಜಕ ವೆರ್ಡಿಯ 'ಐಡಾ' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಬ್ಲೂರೇ ಡಿಸ್ಕ್ ಸಿಕ್ಕಿದೆ. ರೋಮನ್ನರ ಕಾಲದ ಬಯಲು ರಂಗಮಂದಿರ ಅದು. 1913ರಲ್ಲಿ ಅಲ್ಲಿ ಒಪೆರಾ ಉತ್ಸವ ಶುರುವಾದದ್ದೂ ಇದೇ ಕೃತಿಯಿಂದ. ಎರಡನೇ ಅಂಕದ ವಿಜಯದ ಮೆರವಣಿಗೆ, ಉದ್ದನೆಯ ನೇರ ಕಹಳೆಗಳು, ಕಲ್ಲಿನ ಮೆಟ್ಟಿಲ ತುಂಬ ಜನ... ನೋಡೋಕೆ ಜಾತ್ರೆಯೇ ಸರಿ.

ತೊಂದರೆ ಇರೋದು ಸೌಂಡಿನಲ್ಲಿ. ಮೂರನೇ ಅಂಕ ಶುರುವಾಗೋದು ನೈಲ್ ನದಿಯ ದಂಡೆಯಲ್ಲಿ, ರಾತ್ರಿ, ಪಿಟೀಲುಗಳ ಪಿಸುದನಿಯಲ್ಲಿ. ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ, ಸ್ವಲ್ಪ ಹೊತ್ತಿಗೆ ನಾಯಕಿ ಐಡಾಳ ಅಪ್ಪ ಅಮೊನಾಸ್ರೋ ಮಗಳ ಮೇಲೆ ಗುಡುಗುವಾಗ ಅಕ್ಕಪಕ್ಕದವರೆಲ್ಲ ಎದ್ದು ಕೂರಬೇಕು! ನೈಟ್ ಮೋಡ್ ಹಾಕಿದರೆ ಎಲ್ಲವೂ ಒಂದೇ ಮಟ್ಟಕ್ಕೆ ಬಂದು ಸಪ್ಪೆ.

ಡಿಸ್ಕಿನಲ್ಲಿ ಸ್ಟೀರಿಯೋ (ಎರಡು ಸ್ಪೀಕರ್‌ಗೆ), 5.1 (ಸುತ್ತಲೂ ಇಡುವ ಆರು ಸ್ಪೀಕರ್‌ಗೆ) ಎರಡೂ ಇವೆ. ನನ್ನ ಹತ್ತಿರ ಇರೋದು ಟಿವಿಯ ಸ್ಪೀಕರ್ ಮಾತ್ರ. ಯಾವುದನ್ನ ಆರಿಸಬೇಕು? ಸೌಂಡ್‌ಬಾರ್‌ಗಿಂತ ಎರಡು ಒಳ್ಳೆ ಸ್ಪೀಕರ್, ಒಂದು ಸಣ್ಣ ಆಂಪ್ಲಿಫೈಯರ್ ವಾಸಿನಾ? ಹೆಡ್‌ಫೋನ್ ಬೇಡ, ಅಮ್ಮನೂ ಜೊತೆಗೆ ನೋಡ್ತಾರೆ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕಾಗಲ್ಲ, ಪ್ರತಿ ಅಂಕಕ್ಕೂ ಮೊದಲು ನಾನೇ ಕತೆ ಹೇಳಿಬಿಡ್ತೀನಿ. (ಯಕ್ಷಗಾನ ನೋಡಿ ಬೆಳೆದವರು, ಉಳಿದದ್ದು ತಾವೇ ಹಿಡೀತಾರೆ.)

ಬಜೆಟ್ ಹದಿನೈದು ಸಾವಿರದೊಳಗೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.