ಪದಚರ್ಚೆ: ಆಟಗಾರನ ಫಾರ್ಮ್ ‘ಹೋಗುವುದಕ್ಕೆ’ ಏನನ್ನೋಣ? ಕುಸಿತ, ಲಯ, ಕಸುವು

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನಿಘಂಟು ತೆಗೆದರೆ ಹತ್ತು ಸಿಗುತ್ತವೆ, ಹತ್ತೂ ಸರಿಯಾಗಿ ಕೂರುತ್ತಿಲ್ಲ.

ನಾನಿರುವುದು ಡೆನ್ವರಿನ ಪಕ್ಕದ ಒಂದು ಊರಿನಲ್ಲಿ. ಇಲ್ಲಿನ ಕನ್ನಡಿಗರು ಯುಗಾದಿಗೆ ತರುವ ಸಂಚಿಕೆಗೆ ಡೆನ್ವರ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ ಪೇಟನ್ ಮ್ಯಾನಿಂಗ್‌ನ ಕೊನೆಯ ವರ್ಷದ ಬಗ್ಗೆ ನಾಲ್ಕು ಪುಟ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಎರಡು ಪುಟ ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ‘2015ರಲ್ಲಿ ಮ್ಯಾನಿಂಗ್‌ನ ಆಟ...’ ಎಂದು ಶುರು ಮಾಡಿದವನು ಒಂದು ವಾರದಿಂದ ಆ ಮೂರು ಚುಕ್ಕಿಯ ಮುಂದೆಯೇ ಕೂತಿದ್ದೇನೆ. ಆಟ ಏನಾಯಿತು? ಕುಸಿಯಿತೇ, ಕುಂದಿತೇ, ಸವೆಯಿತೇ, ಉಡುಗಿತೇ?

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಎಂದರೆ ಯಕ್ಷಗಾನದ ಭಾಗವತರು ಇದ್ದ ಹಾಗೆ. ಕುಣಿಯುವವರು ಹತ್ತು ಜನ ಇದ್ದರೂ ಪದ ಎತ್ತಿಕೊಡುವವನು ಇವನೇ, ಚೆಂಡನ್ನು ಮುಂದಿನವರಿಗೆ ಎಸೆಯುವವನೂ ಇವನೇ. ಮ್ಯಾನಿಂಗ್ ಅಂತೂ ಎದುರು ತಂಡ ನಿಂತ ರೀತಿ ನೋಡಿ, ಕೈ ಬೀಸಿ, ಕೂಗಿ ಹೇಳಿ ನಿಂತಲ್ಲೇ ಆಟ ಬದಲಿಸುವವನು. ಅವನ ‘ಒಮಾಹಾ’ ಕೂಗು ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. 2013ರಲ್ಲಿ 55 ಟಚ್‌ಡೌನ್ (ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದ, ಎಸೆತಗಳಿಂದ 5,477 ಗಜ ಕ್ರಮಿಸಿದ. ಆಗ ಎರಡೂ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ದಾಖಲೆ. ಎರಡೇ ವರ್ಷ ಕಳೆದು 2015ರಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ಅಂದರೆ 17 ಸಲ ಎದುರಾಳಿಗಳು ಅವನ ಚೆಂಡನ್ನು ಗಾಳಿಯಲ್ಲೇ ಕಸಿದುಕೊಂಡರು.

ಆ ವರ್ಷ ನವೆಂಬರ್ 15ರ ಪಂದ್ಯವನ್ನು ಮಾತ್ರ ಇಲ್ಲಿ ಯಾರೂ ಮರೆತಿಲ್ಲ. ಕ್ಯಾನ್ಸಸ್ ಸಿಟಿ ವಿರುದ್ಧ, ನಮ್ಮ ಊರ ಅಂಗಳದಲ್ಲೇ. ಮೊದಲ ಕ್ವಾರ್ಟರಿನಲ್ಲಿ ನಾಲ್ಕು ಗಜದ ಒಂದು ಪುಟ್ಟ ಎಸೆತಕ್ಕೆ ಹಿಂದಿನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ನ 71,838 ಗಜದ ಸಾರ್ವಕಾಲಿಕ ದಾಖಲೆ ಮುರಿಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರನೇ ಕ್ವಾರ್ಟರಿನಲ್ಲಿ ಅದೇ ಮನುಷ್ಯನನ್ನು ಕೋಚ್ ಹೊರಗೆ ಕೂರಿಸಿದರು. ಆ ಹೊತ್ತಿಗೆ 20 ಎಸೆತದಲ್ಲಿ 5 ಮಾತ್ರ ತಲುಪಿದ್ದವು, 35 ಗಜ, 4 ಇಂಟರ್‌ಸೆಪ್ಷನ್. ಎಸೆತಗಾರನ ಆಟ ಅಳೆಯುವ ಪಾಸರ್ ರೇಟಿಂಗ್ ಸೊನ್ನೆ. ದಾಖಲೆಯೂ ಸೊನ್ನೆಯೂ ಒಂದೇ ಮಧ್ಯಾಹ್ನ.

ಮರುದಿನ ಆಫೀಸಿನಲ್ಲಿ ಕೆಲಸ ನಡೆಯಲಿಲ್ಲ. ಅಭಿಮಾನಿಗಳು ಮೂರು ಪಂಗಡವಾದರು. ನನ್ನ ಪದದ ತೊಂದರೆ ಶುರುವಾಗುವುದೂ ಇಲ್ಲೇ.

ಒಂದು ಪಂಗಡ: ವಯಸ್ಸಾಯ್ತು, ತೋಳು ಮುಗೀತು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ 2011ರ ಇಡೀ ಸೀಸನ್ ಕೂತಿದ್ದವನು, ಬಲಗೈ ಬೆರಳ ತುದಿಯಲ್ಲಿ ಸ್ಪರ್ಶವೇ ಸರಿಯಾಗಿ ಮರಳದೆ ಗ್ಲೌಸ್ ಹಾಕಿ ಎಸೆಯುತ್ತಿದ್ದವನು, ಎಷ್ಟು ದಿನ ಎಳೆದಾನು? ಇನ್ನೊಂದು ಪಂಗಡ: ತೋಳಿಗೇನಾಗಿಲ್ಲ, ಪೆಟ್ಟು ಕಾಲಿಗೆ. ಎಡ ಅಂಗಾಲಿನಡಿಯ ನಾರುಪಟ್ಟಿ ಹರಿದಿದೆ, ಕಾಲೂರದೆ ಎಸೆಯೋದು ಹೇಗೆ, ವಾಸಿಯಾದ ಮೇಲೆ ನೋಡಿ. ಮೂರನೆಯದು: ತಪ್ಪು ಹೊಸ ಕೋಚ್ ಗ್ಯಾರಿ ಕ್ಯೂಬಿಯಾಕ್‌ರದು. ಹಿಂದೆ ಸರಿದು ನಿಂತು, ಎಲ್ಲವನ್ನೂ ಕಣ್ತುಂಬ ನೋಡಿ ಎಸೆಯುವವನನ್ನು ಮುಂದೆ ತಂದು ನಿಲ್ಲಿಸಿ, ಪಕ್ಕಕ್ಕೆ ಓಡುತ್ತಾ ಎಸೆ ಅಂದರೆ ಆದೀತೇ?

ಈಗ ಕನ್ನಡಕ್ಕೆ ಬನ್ನಿ. ‘ಸವೆದ’ ಎಂದು ಬರೆದರೆ ನಾನು ಮೊದಲ ಪಂಗಡಕ್ಕೆ ಸೇರಿದೆ. ಸವೆದದ್ದು ವಾಪಸು ಬರುವುದಿಲ್ಲ, ಚಪ್ಪಲಿ ನೋಡಿ. ‘ಬಳಲಿದ’ ಎಂದರೆ ಎರಡನೆಯದು, ಸುಧಾರಿಸಿಕೊಂಡರೆ ಎದ್ದಾನು. ‘ಲಯ ತಪ್ಪಿದ’ ಎಂದರೆ ಮೂರನೆಯದು, ತಾಳ ಹಾಕುವವನನ್ನು ಕೇಳಬೇಕು. ಯಾವ ಪದ ಎತ್ತಿಕೊಂಡರೂ ಆ ಜಗಳದಲ್ಲಿ ತೀರ್ಪು ಕೊಟ್ಟ ಹಾಗಾಗುತ್ತದೆ. ಜಗಳವನ್ನು ವರದಿ ಮಾಡಬೇಕಾದವನು ನಾನು.

ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೆ ಈ ತಾಪತ್ರಯ ಇಲ್ಲ. ಬ್ಯಾಟರ್ ಆಡದಿದ್ದರೆ ‘ಕಳಪೆ ಫಾರ್ಮ್’, ‘ರನ್ ಬರ’. ಆಡಿದ ದಿನ ‘ಲಯಕ್ಕೆ ಮರಳಿದ’. ರನ್ ಬರ ನನಗೆ ಬಹಳ ಇಷ್ಟವಾದ ಪ್ರಯೋಗ, ಮಳೆ ನಂಬಿದವರ ನಾಲಿಗೆಯಲ್ಲಿ ಮಾತ್ರ ಹುಟ್ಟುವಂಥದ್ದು. ಆದರೆ ಬರ ಮುಗಿದು ಮಳೆ ಬರುತ್ತದೆ ಎಂಬ ನಂಬಿಕೆ ಅದರೊಳಗೇ ಇದೆ. 39 ವರ್ಷದ ಕ್ವಾರ್ಟರ್‌ಬ್ಯಾಕ್‌ಗೆ ಆ ಭರವಸೆ ಕೊಡುವುದು ಹೇಗೆ? ಲಯದ ಕಥೆ ಇನ್ನೂ ವಿಚಿತ್ರ. ಲಯ ಸಿಕ್ಕರೆ ಆಟಗಾರ ಉಳಿದ, ಆಟಗಾರ ಲಯವಾದರೆ ಹೋದ. ತಾಳದ ಲಯವೂ ಸೃಷ್ಟಿ, ಸ್ಥಿತಿ, ಲಯದ ಲಯವೂ ಒಂದೇ ಅಕ್ಷರದಲ್ಲಿ ಕೂತಿವೆ. ಓದುಗರು ಯಾವತ್ತೂ ಗೊಂದಲ ಮಾಡಿಕೊಂಡಿಲ್ಲ ಎನ್ನುವುದೇ ಆಶ್ಚರ್ಯ.

‘ಕುಸಿತ’ ಎಲ್ಲರಿಗೂ ಮೊದಲು ಹೊಳೆಯುವ ಪದ. ನನಗೂ ಹೊಳೆಯಿತು. ಆದರೆ ಕುಸಿಯುವುದು ಗೋಡೆ, ಗುಡ್ಡ, ಅಡಿಕೆ ಧಾರಣೆ, ಭಾರತದ ಮಧ್ಯಮ ಕ್ರಮಾಂಕ. ದಡಕ್ಕನೆ ಆಗಬೇಕು. ನವೆಂಬರ್ 15ರ ಒಂದು ಮಧ್ಯಾಹ್ನಕ್ಕೆ ಬೇಕಾದರೆ ಕುಸಿತ ಎನ್ನಬಹುದು, ಇಡೀ ವರ್ಷಕ್ಕೆ ಅಲ್ಲ. ಎಸೆತದ ಬಿರುಸು ಕಡಿಮೆಯಾದದ್ದನ್ನು ಗಮನಿಸುವವರು 2014ರ ಕೊನೆಯ ಪಂದ್ಯಗಳಲ್ಲೇ ಗಮನಿಸಿದ್ದರು. ‘ಅವನತಿ’, ‘ಪತನ’ ಎಂದರೆ ನನಗೆ ಹೈಸ್ಕೂಲಿನ ಚರಿತ್ರೆ ಪುಸ್ತಕ ಕಣ್ಣಮುಂದೆ ಬರುತ್ತದೆ, ಕಾರಣಗಳನ್ನು ಪಟ್ಟಿ ಮಾಡಿ, ಐದು ಅಂಕ. ‘ಕುಂದು’ ಕ್ರಿಯಾಪದವಾಗಿ ಚೆನ್ನಾಗಿದೆ, ನಾಮಪದ ಮಾಡಿದರೆ ಕುಂದುಕೊರತೆ ಸಭೆಯಾಗುತ್ತದೆ. ‘ಕ್ಷೀಣಿಸಿತು’ ಎಂದರೆ ಆಸ್ಪತ್ರೆ. ಇಳಿವಯಸ್ಸು, ಇಳಿಹೊತ್ತು ಇರುವಾಗ ‘ಇಳಿಯಾಟ’ ಯಾಕಾಗಬಾರದು ಎಂದು ಒಂದು ರಾತ್ರಿ ಬಹಳ ಖುಷಿಯಿಂದ ಬರೆದಿಟ್ಟೆ. ಬೆಳಿಗ್ಗೆ ಓದಿದ ನನ್ನ ಹೆಂಡತಿ ‘ಇದೇನ್ರೀ, ಪಾರ್ಕಿನ ಜಾರುಬಂಡೆನಾ?’ ಎಂದಳು. ಅಲ್ಲಿಗೆ ಅದು ಮುಗಿಯಿತು. ಅಲ್ಲದೆ 39ನ್ನು ಇಳಿವಯಸ್ಸು ಎನ್ನಲು ನನಗೇ ಮನಸ್ಸು ಬರುತ್ತಿಲ್ಲ. ನನ್ನ ಕಸುಬಿನಲ್ಲಿ ಆ ವಯಸ್ಸಿಗೆ ಮ್ಯಾನೇಜರ್ ಮಾಡುತ್ತಾರೆ.

ಇಷ್ಟು ಹುಡುಕಾಡಿದ ಮೇಲೆ ನೆನಪಾದದ್ದು ಅಪ್ಪ. ಆ ನವೆಂಬರಿನಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಹಾಸನದ ಕಡೆಯ ರೈತ, ಈ ಆಟದ ತಲೆಬುಡ ಗೊತ್ತಿಲ್ಲ. ಚಳಿಗೆ ಹೊರಗೆ ಹೋಗಲಾಗದೆ ನನ್ನ ಜೊತೆ ಕೂತು ಆ ಪಂದ್ಯ ನೋಡಿದರು. ಎರಡನೇ ಇಂಟರ್‌ಸೆಪ್ಷನ್ ಆದ ಮೇಲೆ, ‘ಮಗಾ, ಆ ಹದಿನೆಂಟನೇ ನಂಬರ್‌ನೋನು ಎಸೀತಾ ಇಲ್ಲ ಕಣೋ, ಕೈಯಿಂದ ಜಾರಿಸ್ತಾ ಅವ್ನೆ. ರಟ್ಟೇಲಿ ಕಸುವಿಲ್ಲ’ ಎಂದರು. ‘ಬುದ್ಧಿ ಚುರುಕಾಗೇ ಇದೆಯಂತೆ ಅಪ್ಪಾ’ ಎಂದೆ. ‘ಇರ್ಲಿ. ಹಳೇ ಎತ್ತಿಗೆ ಸಾಲು ಗೊತ್ತಿರ್ತದೆ, ನೇಗ್ಲು ಎಳೀಬೇಕಲ್ಲ.’

ಟಿವಿಯಲ್ಲಿ ಹಿಂದಿನ ಆಟಗಾರರು ಗಂಟೆಗಟ್ಟಲೆ ಬಿಡಿಸಿ ಹೇಳಿದ್ದನ್ನು ಅಪ್ಪ ಎರಡು ಪದದಲ್ಲಿ ಹೇಳಿದ್ದರು. ರಟ್ಟೆ, ಕಸುವು. ನಾನಾಗಿದ್ದರೆ ತೋಳ್ಬಲ ಎಂದು ಬರೆದು ಕುಮಾರವ್ಯಾಸನ ಭೀಮನನ್ನು ಕರೆಸುತ್ತಿದ್ದೆ. ಕಸುವು ನೆಲಕ್ಕೂ ಇದೆ, ಗೊಬ್ಬರಕ್ಕೂ ಇದೆ, ಎತ್ತಿಗೂ ಇದೆ, ಮನುಷ್ಯನಿಗೂ ಇದೆ. ‘ಕಸುವು ಉಡುಗಿತು’ ಎಂದರೆ ಒಂದೇ ದಿನ ಆದದ್ದಲ್ಲ ಎಂಬುದೂ ಬರುತ್ತದೆ, ಉಳಿದದ್ದು ಉಳಿದಿದೆ ಎಂಬುದೂ ಬರುತ್ತದೆ. ಗಾಳಿ ಉಡುಗುತ್ತದೆ, ದನಿ ಉಡುಗುತ್ತದೆ, ಮರ ಅಲ್ಲೇ ನಿಂತಿರುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಇದೂ ಮೊದಲ ಪಂಗಡದ ಮಾತೇ ಆಯಿತಲ್ಲ ಎಂಬ ಅಳುಕಿದೆ.

ಜೊತೆಗೇ ಇನ್ನೊಂದು ಪ್ರಶ್ನೆ. ಮ್ಯಾನಿಂಗ್‌ನ ಓಲಾಡುವ ಎಸೆತಗಳನ್ನು ಇಲ್ಲಿ ‘ಬಾತುಕೋಳಿ’ ಎನ್ನುತ್ತಾರೆ. ಸಿಯಾಟಲ್‌ನ ಆಟಗಾರ ರಿಚರ್ಡ್ ಶರ್ಮನ್ ಹಾಗೆಂದಾಗ ಮ್ಯಾನಿಂಗ್ ಸಿಟ್ಟಾಗಲಿಲ್ಲ. ಹೌದು, ಬಾತುಕೋಳಿ ಎಸೆದೇ ಇಷ್ಟೊಂದು ಗಜ ಗಳಿಸಿದ್ದೇನೆ ಎಂಬರ್ಥದ ಉತ್ತರ ಕೊಟ್ಟ. ಕನ್ನಡದಲ್ಲಿ ಇದನ್ನು ಹಾಗೇ ಇಟ್ಟರೆ ಕ್ರಿಕೆಟ್ ಓದುಗರು ಸೊನ್ನೆಗೆ ಔಟಾದ ಎಂದುಕೊಳ್ಳುತ್ತಾರೆ. (ನವೆಂಬರ್ 15ಕ್ಕೆ ಅದೂ ಹೊಂದುತ್ತದೆ ಅನ್ನಿ.) ನನಗೆ ಹೊಳೆದದ್ದು ಬುಗುರಿ. ಒಳ್ಳೆಯ ಎಸೆತದಲ್ಲಿ ಚೆಂಡು ತನ್ನ ಸುತ್ತ ತಾನೇ ತಿರುಗುತ್ತಾ ನೇರ ಹೋಗುತ್ತದೆ, ಬಿಗಿಯಾಗಿ ಚಾಟಿ ಸುತ್ತಿ ಬಿಟ್ಟ ಬುಗುರಿ ಅಲುಗದೆ ನಿಂತಂತೆ ಕಾಣುವ ಹಾಗೆ. ಕಸುವು ಸಾಲದ ಎಸೆತ ನಿಲ್ಲಲು ಬಂದ ಬುಗುರಿಯಂತೆ ತೂರಾಡುತ್ತದೆ. ‘ತೂರಾಡುವ ಎಸೆತ’ ಸಾಕೇ? ಅಥವಾ ನಿಮ್ಮ ಕಡೆ ಬುಗುರಿಯ ಆ ಕೊನೆಯ ಗಳಿಗೆಗೆ ಬೇರೆ ಹೆಸರೇನಾದರೂ ಇದೆಯೇ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ.

ಲೇಖನದ ಕೊನೆಯ ಪುಟಕ್ಕೂ ಒಂದು ಕ್ರಿಯಾಪದ ಬೇಕು. ಬದಲಿಗೆ ಬಂದ ಬ್ರಾಕ್ ಆಸ್ವೈಲರ್ ಏಳು ಪಂದ್ಯ ಶುರು ಮಾಡಿದ, ಐದು ಗೆದ್ದ. ಲೀಗ್ ಹಂತದ ಕೊನೆಯ ಪಂದ್ಯದ ನಡುವೆ ಮ್ಯಾನಿಂಗ್ ಮರಳಿದ. 2016ರ ಫೆಬ್ರವರಿ 7ರಂದು, ಫೈನಲ್ ಆದ 50ನೇ ಸೂಪರ್ ಬೌಲ್‌ನಲ್ಲಿ ಡೆನ್ವರ್ 24-10ರಿಂದ ಕ್ಯಾರೊಲಿನಾವನ್ನು ಸೋಲಿಸಿತು. ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತು ರಕ್ಷಣಾ ಪಡೆ. ಮ್ಯಾನಿಂಗ್‌ನದು 23ರಲ್ಲಿ 13 ಎಸೆತ, 141 ಗಜ. ಮುಂದಿನ ತಿಂಗಳು ನಿವೃತ್ತನಾದ. ಕಪ್ ಎತ್ತಿದವನು ‘ಮಿಂಚಿದ’ ಎನ್ನುವಂತಿಲ್ಲ, ‘ಸೋತ’ ಎನ್ನುವಂತೂ ಇಲ್ಲ. ‘ನಿಭಾಯಿಸಿದ’ ಸರ್ಕಾರಿ ಕಾಗದದ ಹಾಗಿದೆ. ಅಷ್ಟು ಹೊತ್ತಿಗೆ ಊರಿಗೆ ಮರಳಿದ್ದ ಅಪ್ಪನಿಗೆ ಫೋನಿನಲ್ಲಿ ಫಲಿತಾಂಶ ಹೇಳಿದಾಗ ‘ಹೆಂಗೋ ಏಗ್ದ ಬುಡು’ ಎಂದರು. ‘ಏಗು’ ಎಂಬ ಈ ಪದ ನಮ್ಮ ಕಡೆ ದಿನಬಳಕೆಯದು, ಕಷ್ಟದ ಜೊತೆ ಹೆಣಗಿ ದಾಟಿಸಿಕೊಳ್ಳುವುದು. ಧಾರವಾಡ, ಕಲಬುರಗಿ, ಮಂಗಳೂರಿನ ಓದುಗರಿಗೆ ಅರ್ಥವಾಗುತ್ತದೆಯೇ? ನಮ್ಮ ಸಂಚಿಕೆಯ ಓದುಗರಲ್ಲಿ ಮೂರೂ ಕಡೆಯವರಿದ್ದಾರೆ.

ತಲೆಬರಹಕ್ಕೆ ‘ಆನೆ ಇದ್ದರೂ ಸಾವಿರ’ ಎಂದು ಇಟ್ಟಿದ್ದೆ. ಸಂಪಾದಕರು, ಗಾದೆಯ ಉಳಿದರ್ಧ ಎಲ್ಲರಿಗೂ ಗೊತ್ತಿದೆ, ಮನುಷ್ಯ ಇನ್ನೂ ಬದುಕಿದ್ದಾನಲ್ಲ ಮಾರಾಯ ಎಂದು ಹೊಡೆದುಹಾಕಿದರು. ಅದಕ್ಕೂ ಬದಲಿ ಸೂಚಿಸಿದರೆ ಉಪಕಾರ. ಪ್ರತಿ ಕೊಡಲು ಇನ್ನು ಹತ್ತು ದಿನ ಇದೆ.